ಬಂಡಿ ಪೂರಾ ಬರಲಿ

ಕುಷಾಯಿಗೂಡದ ನಮ್ಮ ಬಾಡಿಗೆ ಮನೆಯ ನಡುಕೋಣೆಗೆ ಎಲ್ಲ ಕೋಣೆಗಳಂತೆ ನಾಲ್ಕೇ ಗೋಡೆ. ಮೂರರ ಮೇಲೆ ಅಪ್ಪನ ಅಧಿಕಾರ ನಡೆಯುತ್ತಿತ್ತು, ಒಂದರ ಮೇಲೆ ಅವ್ವನದು. ಅಪ್ಪನ ಗೋಡೆಗಳಲ್ಲಿ ಇನ್ನೊಂದು ಮೊಳೆ ಹೊಡೆಯಲು ಜಾಗವಿರಲಿಲ್ಲ. ಈ ವರ್ಷದ ದೇವರ ಕ್ಯಾಲೆಂಡರು, ಅದರ ಹಿಂದೆ ಹೋದ ವರ್ಷದ್ದು, ದೇವರನ್ನು ಕಸಕ್ಕೆ ಹಾಕುವಂತಿಲ್ಲವೆಂದು ಅದರ ಹಿಂದಿನ ವರ್ಷದ್ದೂ. ಕಾರ್ಖಾನೆಯವರು ಕೊಟ್ಟ ಗಡಿಯಾರ, ಮಣಿ ಪೋಣಿಸಿದ ಗಿಳಿ, ಪ್ಲಾಸ್ಟಿಕ್ ದ್ರಾಕ್ಷಿಗೊಂಚಲು, ಯಾವುದೋ ಮದುವೆಯಲ್ಲಿ ಸಿಕ್ಕ ಕನ್ನಡಿ, ಆ ಕನ್ನಡಿಯ ಮೂಲೆಗೆ ಸಿಕ್ಕಿಸಿದ ನನ್ನ ಶಾಲೆಯ ಫೋಟೋ. ಅವ್ವನ ಗೋಡೆಯ ಮೇಲೆ ಏನೂ ಇರಲಿಲ್ಲ. ತುಸು ನೀಲಿ ಬೆರೆಸಿದ ಸುಣ್ಣ, ಅಷ್ಟೇ. ಎದುರಿನ ಕಿಟಕಿ ಪಡುವಣಕ್ಕಿತ್ತು. ಅಪ್ಪ ಶಿಫ್ಟು ಮುಗಿಸಿ ಬರುವ ಹೊತ್ತಿಗೆ ಆ ಗೋಡೆಯ ಮೇಲೆ ಬಿಸಿಲಿನ ಒಂದು ಚೌಕ ಬಿದ್ದು, ಮೆಲ್ಲಗೆ ಓರೆಯಾಗಿ, ಕೆಂಪಾಗಿ, ಮಾಯವಾಗುತ್ತಿತ್ತು. ಮನೆಗೆ ಟಿ.ವಿ. ಬರುವವರೆಗೆ ನಾನು ದಿನಾ ನೋಡಿದ್ದು ಅದನ್ನೇ. ಬಂದ ಮೇಲೂ ಅದನ್ನೇ ನೋಡುತ್ತಿದ್ದೆ, ಏಕೆಂದರೆ ಟಿ.ವಿ.ಯ ಮೇಲೆ ಅಪ್ಪ ಇಳಿಬಿಟ್ಟ ಕಸೂತಿ ಬಟ್ಟೆ ಅರ್ಧ ಪರದೆಯನ್ನು ಮುಚ್ಚುತ್ತಿತ್ತು.

ಆ ಬರಿ ಗೋಡೆ ಬಂದವರ ಕಣ್ಣಿಗೆಲ್ಲ ಚುಚ್ಚುತ್ತಿತ್ತು. ಪಕ್ಕದ ಮನೆಯ ಸುಜಾತಮ್ಮ ಮೊಸರಿನ ಹೆಪ್ಪು ಕೇಳಲು ಬಂದಾಗಲೆಲ್ಲ ಅದರ ಮುಂದೆ ನಿಂತು, ಇದಿನ್ನೂ ಖಾಲಿಯೇ ಇದೆಯಲ್ಲ ಎಂದು ತೆಲುಗಿನಲ್ಲಿ ಕೇಳುವಳು.

“ಈ ಗೋಡ ಇಂಕಾ ಖಾಳೀಗಾನೇ ಉಂದೇಂಟಮ್ಮಾ?”

“ಉಂಡನೀ,” ಇರಲಿ ಬಿಡು ಎಂದು ಅವ್ವ ಅದೇ ತೆಲುಗಿನಲ್ಲಿ ಹೇಳಿ, ಹೆಪ್ಪು ಕೊಟ್ಟು ಕಳಿಸುವಳು.

ಅಪ್ಪನನ್ನು ಹಾಗೆ ಕಳಿಸಲು ಆಗುತ್ತಿರಲಿಲ್ಲ. ದೀಪಾವಳಿಗೆ ಸುಣ್ಣ ಬಳಿದ ಮರುದಿನ ಅವನು ಸುತ್ತಿಗೆ ಹಿಡಿದು ಆ ಗೋಡೆಯ ಮುಂದೆ ನಿಲ್ಲುವುದು, ಅವ್ವ ಅಡುಗೆಮನೆಯ ಬಾಗಿಲಿಗೆ ಬರುವುದು, ಇದು ನಮ್ಮ ಮನೆಯಲ್ಲಿ ಹಬ್ಬದ ಒಂದು ಭಾಗವೇ ಆಗಿತ್ತು.

“ಒಂದ ಮೊಳಿ ಹೊಡಿತೀನಿ, ಒಂದೇ ಒಂದು. ಬಂದ ಮಂದಿ ಏನ ಅನ್ಕೋತಾರ?”

“ಮೂರು ಗ್ವಾಡಿ ನಿಮಗ ಬಿಟ್ಟೀನಲ್ರಿ. ಇದೊಂದು ಸುಮ್ಮನ ಇರಲಿ.”

“ಗ್ವಾಡಿ ಸುಮ್ಮನ ಇದ್ದು ಏನ ಮಾಡತೈತಿ?”

“ಅದು ಸುಮ್ಮನ ಇರತೈತಿ. ನಾ ನೋಡ್ತೀನಿ.”

ಅಪ್ಪನಿಗೂ ಅವನದೇ ಆದ ನ್ಯಾಯವಿತ್ತು. ಅದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ರಾಯಚೂರಿನ ಕಡೆ ಅವನು ಹುಟ್ಟಿ ಬೆಳೆದ ಮನೆಯಲ್ಲಿ ಗೋಡೆಗೆ ತೂಗುಹಾಕಲು ಒಂದು ಹಳೆಯ ಅಂಗಿ ಬಿಟ್ಟರೆ ಬೇರೆ ಏನೂ ಇರಲಿಲ್ಲವಂತೆ. ಬರಿ ಗೋಡೆ ನೋಡಿ ನೋಡಿ ಬೇಸತ್ತೇ ಅವನು ಹೈದರಾಬಾದಿಗೆ ಬಂದಿದ್ದ, ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ. ಒಂದೊಂದು ಮೊಳೆಯೂ ಅವನಿಗೆ ಒಂದೊಂದು ಗೆಲುವು. ಅವ್ವನಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಮೂರು ಗೋಡೆ ಕೊಟ್ಟಿದ್ದಳು. ನಾಲ್ಕನೆಯದನ್ನು ಮಾತ್ರ ಕೊಡಲಿಲ್ಲ.

ಅವಳಿಗೆ ಈ ಕಣ್ಣು ಎಲ್ಲಿಂದ ಬಂತೆಂದು ಕೇಳಿದರೆ ನಾನು ಅಕ್ಕಿಯ ತಟ್ಟೆಯನ್ನು ತೋರಿಸುತ್ತೇನೆ. ಭಾನುವಾರ ಊಟದ ಪಾತ್ರೆಗಳೆಲ್ಲ ಬೆಳಗಿದ ಮೇಲೆ ಅವ್ವ ಕಿಟಕಿಯ ಕೆಳಗೆ ಕಾಲು ಚಾಚಿ ಕೂತು, ತೊಡೆಯ ಮೇಲೆ ದೊಡ್ಡ ತಟ್ಟೆ ಇಟ್ಟುಕೊಂಡು ವಾರದ ಅಕ್ಕಿ, ಜೋಳ ಹಸನು ಮಾಡುತ್ತಿದ್ದಳು. ನಮ್ಮ ಕಡೆ ಕಾಳಿನಿಂದ ಹರಳು, ಹೊಟ್ಟು ಆರಿಸಿ ತೆಗೆಯುವುದಕ್ಕೆ ಹಸನು ಮಾಡುವುದು ಎನ್ನುತ್ತಾರೆ. ಚೆಂದಾಗಿರುವುದಕ್ಕೂ ಹಸನು ಎಂದೇ ಹೆಸರು. ಬಾಳು ಹಸನಾಗಲಿ ಎಂದು ಹರಸುತ್ತಾರೆ. ತೆಗೆಯುವುದೂ ಚೆಂದವೂ ಒಂದೇ ಮಾತಾಗಿರುವ ಭಾಷೆಯಲ್ಲಿ ನಾನು ಬೆಳೆದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದುದು ಬೈಗುಳ ಮಾತ್ರ. ನಾನು ಪಕ್ಕದಲ್ಲಿ ಕೂತು ಎರಡೂ ಕೈಯಿಂದ ಅಕ್ಕಿ ಕದಡುತ್ತಿದ್ದೆ. ಅವ್ವ ನನ್ನ ಮಣಿಕಟ್ಟಿಗೆ ಒಂದು ಏಟು ಹಾಕುತ್ತಿದ್ದಳು.

“ಕೈ ಆಮ್ಯಾಲ. ಮೊದಲ ಕಣ್ಣ ಆಡಸು. ಎಲ್ಲಾ ಒಮ್ಮೆ ನೋಡು. ಯಾವದು ಬ್ಯಾಡ ಅನಸ್ತೈತಿ, ಅದನ್ನಷ್ಟ ತಗಿ.”

“ಎಲ್ಲಾನೂ ಅಕ್ಕಿ ಹಂಗ ಕಾಣಸ್ತೈತವ್ವಾ.”

“ಹಂಗಂದ್ರ ನೀ ಇನ್ನೂ ನೋಡಿಲ್ಲ.”

ನನಗೆ ಏಳು ವರ್ಷವಾಗಿದ್ದಾಗ ನಮ್ಮ ಮನೆಗೆ ಸ್ಕೂಟರು ಬಂತು. ಹೊಸದಲ್ಲ. ಆದರೆ ಅಪ್ಪ ಅದನ್ನು ಒರೆಸಿ ಒರೆಸಿ ಹೊಸದು ಮಾಡಿದ್ದ. ಹೈದರಾಬಾದಿನ ತೆಲುಗಿನಲ್ಲಿ ಎರಡು ಗಾಲಿಯ ಗಾಡಿಗೆಲ್ಲ ಬಂಡಿ ಎನ್ನುತ್ತಾರೆ. ಕಾರ್ಖಾನೆಯ ಗೇಟಿನಿಂದ ಅಪ್ಪ ಆ ಮಾತನ್ನು ಮನೆಗೆ ತಂದ. ಬಂಡಿ ಒರೆಸಬೇಕು, ಬಂಡಿ ನೆರಳಿಗೆ ನಿಲ್ಲಿಸಬೇಕು, ಬಂಡಿಗೆ ಯಾರೂ ಕೈ ಹಚ್ಚಬಾರದು. ಅವನು ಊರು ಬಿಡುವಾಗ ದೊಡ್ಡಪ್ಪ, ಅಂದರೆ ಅವನ ಅಣ್ಣ, ಒಂದು ಮಾತು ಅಂದಿದ್ದನಂತೆ: “ನಡಕೋತ ಹೊಂಟಿ, ನಡಕೋತನ ಬರ್ತಿ ನೋಡು.” ಆ ಮಾತು ಅಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಉತ್ತರವಾಗಿ ಅವನು ಕಾಗದ ಬರೆಯಲಿಲ್ಲ. ಸ್ಕೂಟರಿನ ಜೊತೆ ತಾನು ನಿಂತ ಒಂದು ಫೋಟೋ ಕಳಿಸಬೇಕೆಂದು ನಿಶ್ಚಯಿಸಿದ. ಕಾರ್ಖಾನೆಯ ಗೆಳೆಯನೊಬ್ಬನಿಂದ ಪೆಟ್ಟಿಗೆಯಂಥ ಕ್ಯಾಮೆರಾ ತಂದ. ಒಂದು ರೀಲಿಗೆ ಹನ್ನೆರಡೇ ಚಿತ್ರ, ಅದರಲ್ಲಿ ಹನ್ನೊಂದನ್ನು ಗೆಳೆಯ ಆಗಲೇ ಮುಗಿಸಿದ್ದ. ನಮ್ಮ ಪಾಲಿಗೆ ಉಳಿದದ್ದು ಒಂದು.

ಆ ಭಾನುವಾರ ರೊಟ್ಟಿ, ಪುಂಡಿಪಲ್ಯದ ಗಂಟು ಕಟ್ಟಿಕೊಂಡು ಮೂವರೂ ಸ್ಕೂಟರಿನ ಮೇಲೆ ಊರಾಚೆ ಹೋದೆವು. ಆಗ ಕುಷಾಯಿಗೂಡದಿಂದ ಸ್ವಲ್ಪ ದೂರ ಹೋದರೆ ಬರೀ ಬಯಲು, ಬಯಲಲ್ಲಿ ಬಂಡೆಗಳು. ನಾವು ನಿಂತ ಕಡೆ ಒಂದು ದೊಡ್ಡ ಬಂಡೆಯ ತುದಿಯ ಮೇಲೆ ಇನ್ನೊಂದು ಬಂಡೆ ಈಗ ಬಿದ್ದೇನು ಆಗ ಬಿದ್ದೇನು ಎಂಬಂತೆ ಕೂತಿತ್ತು. ಅಪ್ಪ ಸ್ಕೂಟರನ್ನು ಅದರಿಂದ ತುಸು ದೂರ ನಿಲ್ಲಿಸಿ, ಕರವಸ್ತ್ರದಿಂದ ಕೊನೆಯ ಸಲ ಒರೆಸಿ, ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಹ್ಯಾಂಡಲ್ ಹಿಡಿದು ಎದೆ ಉಬ್ಬಿಸಿದ. ಕ್ಯಾಮೆರಾ ಅವ್ವನ ಕೈಯಲ್ಲಿತ್ತು. ಯಾವ ಕಿಂಡಿಯಲ್ಲಿ ನೋಡಬೇಕು, ಯಾವುದನ್ನು ಒತ್ತಬೇಕು ಎಂದು ಅಪ್ಪ ಮೂರು ಸಲ ಹೇಳಿಕೊಟ್ಟಿದ್ದ.

“ಬಂಡಿ ಪೂರಾ ಬರಲಿ!” ಎಂದು ಕೂಗಿದ.

ಅವ್ವ ಕ್ಯಾಮೆರಾ ಕಣ್ಣಿಗಿಟ್ಟುಕೊಂಡಳು, ಇಳಿಸಿದಳು, ಹಿಂದೆ ಹೋದಳು. ಮತ್ತೆ ನೋಡಿದಳು, ಇನ್ನೂ ಹಿಂದೆ ಹೋದಳು. ಅವಳ ಸೀರೆಯ ಬಣ್ಣ ಗುರುತು ಸಿಗದಷ್ಟು ದೂರ ಹೋದ ಮೇಲೆ ಅಪ್ಪನಿಗೆ ಗಾಬರಿಯಾಯಿತು.

“ಎಲ್ಲಿಗೆ ಹೊಂಟಿ? ಬಂಡಿ ಬಂತಿಲ್ಲೋ?”

“ಬರಾಕತ್ತೈತ್ರಿ!” ಎಂದಳು. ಆಮೇಲೆ ನನ್ನನ್ನು ಕೂಗಿದಳು. “ಏ ಪುಟ್ಟಿ, ಆ ರೊಟ್ಟಿ ಗಂಟು ಅಲ್ಲಿಂದ ತಗಿ! ಕಲ್ಲಿನ ಹಿಂದ ಇಡು!”

ನಾನು ಓಡಿಹೋಗಿ ಗಂಟು ಮುಚ್ಚಿಟ್ಟು ಬಂದು ಮತ್ತೆ ನಿಂತೆ. ಆದರೂ ಅವಳು ಒತ್ತಲಿಲ್ಲ. ಆಕಾಶದಲ್ಲಿ ಒಂದೇ ಒಂದು ಮೋಡದ ಚೂರಿತ್ತು, ಅದು ಆಚೆ ಸರಿಯುವವರೆಗೆ ನಿಂತಿದ್ದಳು. ನಗುವನ್ನು ಅಷ್ಟು ಹೊತ್ತು ಹಿಡಿದಿಟ್ಟುಕೊಂಡು ಅಪ್ಪನ ದವಡೆ ನೋಯತೊಡಗಿತ್ತು. ಕೊನೆಗೆ ದೂರದಿಂದ ಅವಳ ದನಿ ಬಂತು.

“ಆತ್ರಿ! ಪೂರಾ ಬಂತು!”

ಹಿಮಾಯತ್‌ನಗರದ ಫೋಟೋ ಸ್ಟುಡಿಯೋಗೆ ಅಪ್ಪನ ಜೊತೆ ಹೋಗಿದ್ದು ನಾನೇ. ಮುಖ್ಯರಸ್ತೆಯ ಬಟ್ಟೆಯಂಗಡಿಗಳ ನಡುವೆ ಸಿಕ್ಕಿಕೊಂಡಿದ್ದ ಸಣ್ಣ ಅಂಗಡಿ. ಒಳಗೆ ಔಷಧದ ಹುಳಿ ವಾಸನೆ. ಅಂಗಡಿಯ ಯಜಮಾನರು ದಪ್ಪ ಕನ್ನಡಕದ ವಯಸ್ಸಾದವರು. ಹನ್ನೊಂದು ಫೋಟೋಗಳನ್ನು ಅಂಗೈ ಅಳತೆಯಲ್ಲಿ ಅಚ್ಚು ಹಾಕಿ ಲಕೋಟೆಯಲ್ಲಿಟ್ಟಿದ್ದರು. ಹನ್ನೆರಡನೆಯದನ್ನು ನಾವು ಹೇಳದೆಯೇ ಪುಸ್ತಕದಷ್ಟು ದೊಡ್ಡದು ಮಾಡಿದ್ದರು. ಮೇಜಿನ ಮೇಲೆ ಅದನ್ನಿಟ್ಟು, ಇದನ್ನು ತೆಗೆದವರು ಯಾರು ಎಂದು ಉರ್ದುವಿನಲ್ಲಿ ಕೇಳಿದರು.

ನಾನು ಬಗ್ಗಿ ನೋಡಿದೆ. ಚೌಕನೆಯ ಕಪ್ಪುಬಿಳುಪು ಚಿತ್ರ. ಮುಕ್ಕಾಲು ಪಾಲು ಬರೀ ಆಕಾಶ. ಕೆಳಗೆ ನೆಲದ ತೆಳ್ಳನೆಯ ಪಟ್ಟಿ. ಬಲಗಡೆ ಬಂಡೆಯ ಮೇಲೆ ಬಂಡೆ, ಬುಡದಿಂದ ತುದಿಯವರೆಗೆ. ಎಡಗಡೆಯ ತಳದ ಮೂಲೆಯಲ್ಲಿ ಅಪ್ಪ, ನಾನು, ಸ್ಕೂಟರು, ಮೂರೂ ಸೇರಿ ಒಂದು ಜೋಳದ ಕಾಳಿನಷ್ಟು. ಅಪ್ಪನ ಮುಖ ಕೆಂಪಾಯಿತು.

“ಗಲತೀ ಸೇ ಹೋಗಯಾ ಸಾಬ್,” ತಪ್ಪಿ ಆದದ್ದು, ನನ್ನ ಹೆಂಡತಿ ತೆಗೆದದ್ದು ಎಂದ.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಚಿತ್ರ ನೋಡಿದರು.

“ಐಸೀ ಗಲತೀ ಹಮಾರೇ ಸೇ ತೋ ಹೋತೀಚ್ ನೈ.”

ಇಂಥ ತಪ್ಪು ನಮ್ಮ ಕೈಯಿಂದಂತೂ ಆಗುವುದೇ ಇಲ್ಲ. ಏಳು ವರ್ಷದ ನನಗೂ ಅದು ಹೊಗಳಿಕೆ ಎಂದು ತಿಳಿಯಿತು. ಅಪ್ಪನಿಗೂ ತಿಳಿಯಿತು. ಹೊರಗೆ ಬಂದು ಸ್ಕೂಟರಿಗೆ ಕಿಕ್ ಹೊಡೆಯುವ ಮೊದಲು ಅವನು ನನ್ನ ಕಡೆ ತಿರುಗಿದ.

“ಅವರು ಅಂದದ್ದು ಮನ್ಯಾಗ ಹೇಳಬ್ಯಾಡ. ಮೊದಲ ಒಂದ ಗ್ವಾಡಿ ಕಳಕೊಂಡೀನಿ.”

ನಾನು ಆಗಲಿ ಎಂದು ತಲೆಯಾಡಿಸಿದೆ. ನಕ್ಕೂ ಬಿಟ್ಟೆ.

ಮನೆಗೆ ಬರುವಷ್ಟರಲ್ಲಿ ಅಪ್ಪನ ಸಿಟ್ಟು ಏರಿತ್ತು. ದೊಡ್ಡಪ್ಪನಿಗೆ ಕಳಿಸುವ ಉತ್ತರ ಮಣ್ಣುಪಾಲಾಗಿತ್ತಲ್ಲ. ನಡುಕೋಣೆಯಲ್ಲಿ ನಿಂತು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ಇನ್ನೇನು ನಡುವೆ ಹರಿದೇಬಿಡುತ್ತಾನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ಬಂಡಿ ಪೂರಾ ಬರಲಿ ಅಂತ ಹೇಳಿದ್ನಿಲ್ಲೋ? ಕಣ್ಣ ಎಲ್ಲಿಟ್ಟಿದ್ದಿ?”

“ಪೂರಾ ಬಂದೈತಲ್ರಿ,” ಎಂದಳು ಅವ್ವ. ಹತ್ತಿರ ಬಂದು ಬಂಡೆಯ ಮೇಲೆ ಬೆರಳಿಟ್ಟಳು. “ನೋಡ್ರಿ, ಬುಡದಿಂದ ತುದಿ ತನಕ.”

ಅಪ್ಪ ಕಣ್ಣು ಕಣ್ಣು ಬಿಟ್ಟ. ನಮ್ಮ ಕಡೆಯ ಮಾತಿನಲ್ಲಿ ಮನೆ ಮನಿಯಾಗುತ್ತದೆ, ಗೋಡೆ ಗ್ವಾಡಿಯಾಗುತ್ತದೆ, ಬಂಡೆಯೂ ಬಂಡಿಯೇ ಆಗುತ್ತದೆ. ಅವನು ಹೇಳಿದ್ದು ಹೈದರಾಬಾದಿನ ಬಂಡಿ, ಅವಳು ಕೇಳಿಸಿಕೊಂಡದ್ದು ರಾಯಚೂರಿನ ಬಂಡಿ. ಅದು ತಲೆಗೆ ಹೋಗುತ್ತಲೇ ಅವನು ಹಣೆ ಚಚ್ಚಿಕೊಂಡು ನಗತೊಡಗಿದ. ನಕ್ಕು ನಕ್ಕು ಮಂಚದ ಮೇಲೆ ಕುಸಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ನನಗೇನ ತಿಳೀಬೇಕ್ರಿ ನಿಮ್ಮ ಹೈದರಾಬಾದ ಮಾತು,” ಎಂದಳು. ಫೋಟೋ ಅವನ ಕೈಯಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು. ಅವಳು ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಮರುವಾರ ಗೆಳೆಯನೇ ಬಂದು ಮನೆಯ ಮುಂದೆ ಸ್ಕೂಟರಿನ ಫೋಟೋ ತೆಗೆದುಕೊಟ್ಟ. ಅದರಲ್ಲಿ ಹಾರ ಹಾಕಿದ ಸ್ಕೂಟರು, ಅಪ್ಪ, ನಾನು, ಸುಜಾತಮ್ಮ, ಅವಳ ಒಣಹಾಕಿದ ಬಟ್ಟೆ, ಹಾಲಿನವನ ಎಮ್ಮೆ, ಎಲ್ಲ ಬಂದಿದ್ದವು. ದೊಡ್ಡಪ್ಪ ಎಮ್ಮೆ ಚಲೋ ಐತಿ ಎಂದು ಉತ್ತರ ಬರೆದ. ಅವ್ವನ ಫೋಟೋ ಅವಳ ಟ್ರಂಕಿನ ಮುಚ್ಚಳದ ಒಳಗೆ ಅಂಟಿಕೊಂಡು ಉಳಿಯಿತು. ತನ್ನ ಗೋಡೆಗೂ ಅವಳು ಅದನ್ನು ಹಾಕಲಿಲ್ಲ. ಸೀರೆ ತೆಗೆಯಲು ಟ್ರಂಕು ತೆರೆದಾಗ, ಸೀರೆಗೆ ಕೈ ಹಾಕುವ ಮೊದಲು ಒಂದು ಕ್ಷಣ ಮುಚ್ಚಳದ ಕಡೆ ನೋಡುತ್ತಿದ್ದಳು. ಪಕ್ಕದಲ್ಲಿ ನಿಂತು ನಾನೂ ನೋಡುತ್ತಿದ್ದೆ. ಅಪ್ಪ ಮಾತ್ರ ಬಂದ ನೆಂಟರಿಗೆಲ್ಲ ಕಲ್ಲುಬಂಡಿಯ ಕತೆ ಹೇಳಿ ನಗಿಸುತ್ತಿದ್ದ. ಪ್ರತಿ ಸಲವೂ ಅವ್ವ ಸರಿಯಾದ ಜಾಗದಲ್ಲಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಕ್ಯಾಮೆರಾವನ್ನು ಮತ್ತೆ ಅವಳು ಮುಟ್ಟಲಿಲ್ಲ. ಯಾರೂ ಅವಳ ಕೈಗೆ ಕೊಡಲೂ ಇಲ್ಲ.

ನಾನು ದೊಡ್ಡವಳಾಗಿ ಹಿಡಿದ ಕಸುಬೂ ಫೋಟೋ ತೆಗೆಯುವುದೇ. ಬಯಲು, ಕೆರೆ, ಕಲ್ಲು, ಇವುಗಳ ಚಿತ್ರ ತೆಗೆಯುತ್ತೇನೆ. ಚಿತ್ರದಲ್ಲಿ ಏನೂ ಇಲ್ಲವಲ್ಲ ಎಂದು ಜನ ಕೇಳುವಷ್ಟು ಕಡಿಮೆ ಇಟ್ಟು ತೆಗೆಯುತ್ತೇನೆ. ಕಲಿಯಲು ಬರುವ ಮಕ್ಕಳು ಮಿನಿಮಲಿಸಂ ಎಂಬ ಪದವನ್ನು ನನ್ನ ಮುಂದೆ ಭಯಭಕ್ತಿಯಿಂದ ಉಚ್ಚರಿಸಿ, ಅದರ ನಿಯಮ ಏನು ಎಂದು ಕೇಳುತ್ತಾರೆ. ನಾನು ಅವರಿಗೆ, ಮೊದಲು ಕೈ ಸುಮ್ಮನಿರಲಿ, ಕಣ್ಣು ಓಡಾಡಲಿ, ಎಲ್ಲವನ್ನೂ ಒಮ್ಮೆ ನೋಡಿ, ಬೇಡವೆನಿಸಿದ್ದನ್ನು ತೆಗೆಯಿರಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಮೋಡ ಸರಿಯುವವರೆಗೆ ಕಾಯಿರಿ ಎನ್ನುತ್ತೇನೆ, ಅದನ್ನೂ ಬರೆದುಕೊಳ್ಳುತ್ತಾರೆ. ಇದನ್ನು ಯಾರಿಂದ ಕಲಿತಿರಿ ಎಂದು ಒಬ್ಬರು ಸಭೆಯಲ್ಲಿ ಕೇಳಿದಾಗ ನಾನು ಪರದೇಶದ ಒಬ್ಬಿಬ್ಬರು ದೊಡ್ಡವರ ಹೆಸರು ಹೇಳಿದೆ. ಆಮೇಲೆ ಸಭೆಯನ್ನು ನಗಿಸಲು ಕಲ್ಲುಬಂಡಿಯ ಕತೆ ಹೇಳಿದೆ, ಅಪ್ಪ ಹೇಳುತ್ತಿದ್ದ ಹಾಗೆಯೇ, ಸ್ಟುಡಿಯೋದವರ ಮಾತನ್ನು ಬಿಟ್ಟು. ಚಿಕ್ಕಂದಿನಲ್ಲಿ ಕೊಟ್ಟ ಮಾತು ಎಂಬುದೊಂದು ನೆಪ. ನಿಜವೆಂದರೆ ಆ ಹೊಗಳಿಕೆಯನ್ನು ಮುಚ್ಚಿಡುವುದು ನನಗೂ ರೂಢಿಯಾಗಿತ್ತು. ಆ ದಿನ ಚಪ್ಪಾಳೆ ಜೋರಾಗಿಯೇ ಬಿತ್ತು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಮಣಿಕೊಂಡದ ನನ್ನ ಫ್ಲ್ಯಾಟಿಗೆ ಬಂದಳು, ಟ್ರಂಕಿನ ಸಮೇತ. ನಮ್ಮ ಕಿಟಕಿಯಿಂದ ಗಾಜಿನ ಆಫೀಸುಗಳು ಕಾಣುತ್ತವೆ. ಅವುಗಳ ಜಾಗದಲ್ಲೂ ಒಮ್ಮೆ ಬಂಡೆಗಳಿದ್ದವು. ಕುಷಾಯಿಗೂಡದಾಚೆಯ ಆ ಬಂಡೆಯನ್ನು ಹುಡುಕಿಕೊಂಡು ಒಂದು ಸಲ ಹೋಗಿದ್ದೆ. ಅಲ್ಲಿ ಈಗ ಐದಂತಸ್ತಿನ ಮನೆಗಳು. ಆ ಬಂಡೆ ಇವತ್ತು ಇರುವುದು ಅವ್ವನ ಟ್ರಂಕಿನ ಮುಚ್ಚಳದಲ್ಲಿ ಮಾತ್ರ. ಅಕ್ಕಿ ಈಗ ಹರಳಿಲ್ಲದೆ ಚೀಲದಲ್ಲೇ ಬರುತ್ತದೆ. ಆದರೂ ಅವಳು ಭಾನುವಾರ ತಟ್ಟೆಗೆ ಸುರಿದುಕೊಂಡು ಕಿಟಕಿಯ ಬಳಿ ಕೂರುತ್ತಾಳೆ. ಕಳೆದ ಬೇಸಿಗೆಯ ಒಂದು ಭಾನುವಾರ ನಾನು ಅವಳ ಪಕ್ಕ ಕೂತೆ. ಹಿಮಾಯತ್‌ನಗರದ ಸ್ಟುಡಿಯೋ, ದೊಡ್ಡದು ಮಾಡಿಟ್ಟಿದ್ದ ಫೋಟೋ, ಯಜಮಾನರು ಕನ್ನಡಕ ಒರೆಸಿಕೊಂಡಿದ್ದು, ಅವರು ಅಂದ ಮಾತು, ಎಲ್ಲವನ್ನೂ ಹೇಳಿದೆ.

ಅವ್ವನ ಬೆರಳು ಅಕ್ಕಿಯಲ್ಲಿ ನಿಂತವು.

“ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ಅಪ್ಪ ಬ್ಯಾಡ ಅಂದಿದ್ದ. ಆಮ್ಯಾಲ… ಆಮ್ಯಾಲ ನಾನ ಹೇಳಲಿಲ್ಲವ್ವಾ. ತಪ್ಪಾತು.”

ಅವಳು ನನ್ನನ್ನು ನೋಡದೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡಳು.

“ನಂದೂ ಒಂದು ಐತಿ. ಬಂಡಿ ಅಂದ್ರ ಸ್ಕೂಟರ್ ಅಂತ ನನಗ ತಿಳೀತಿರಲಿಲ್ಲೇನು? ದಿನಾ ಸುಜಾತಮ್ಮನ ಕೂಡ ತೆಲುಗು ಮಾತಾಡಾಕಿ ನಾ. ನಿಮ್ಮಪ್ಪ ಮುಂಜಾನಿಂದ ಸಂಜಿ ತನಕ ಬಂಡಿ ಬಂಡಿ ಅಂತಿದ್ದ.”

ರೊಟ್ಟಿಯ ಗಂಟು, ಸರಿಯುವ ಮೋಡ, ಬಾಗಿಲಲ್ಲಿ ಕೇಳಿಸುತ್ತಿದ್ದ ಅವಳ ತೆಲುಗು, ಎಲ್ಲ ಕಣ್ಣಮುಂದೆಯೇ ಇದ್ದವು. ಇಡೀ ಬದುಕನ್ನು ನೋಡುವುದರಲ್ಲೇ ಕಳೆದ ನಾನು ಅವನ್ನು ನೋಡಿಯೇ ಇರಲಿಲ್ಲ.

“ಮತ್ತ ಯಾಕವ್ವಾ, ತಿಳೀಲಿಲ್ಲ ಅಂತ ಅಂದಿ?”

“ಫೋಟೋ ಕೈಯಾಗ ಹಿಡಕೊಂಡಿದ್ದ, ನೀನ ನೋಡಿದಿಯಲ್ಲ. ಬೇಕಂತ ಮಾಡೀನಿ ಅಂದಿದ್ರ ಹರದು ಒಗೀತಿದ್ದ. ದಡ್ಡಿ, ತಿಳೀದ ಮಾಡ್ಯಾಳ ಅಂದ್ರ ನಕ್ಕು ಬಿಡ್ತಾನ ಅಂತ ಗೊತ್ತಿತ್ತು. ನಕ್ಕ. ಫೋಟೋ ಉಳೀತು.”

“ಆಮ್ಯಾಲರ ಹೇಳಬಹುದಿತ್ತಲ್ಲ.”

“ಆ ಕತಿ ಹೇಳೂದಂದ್ರ ಭಾಳ ಖುಷಿ ಇತ್ತು ಅವಗ. ಯಾಕ ಕಸಗೋಬೇಕು?” ಎಂದು ಒಂದು ಕಾಳನ್ನು ಬೆರಳ ತುದಿಯಿಂದ ಆಚೆ ಸರಿಸಿದಳು. ಅದು ಹರಳಾಗಿರಲಿಲ್ಲ, ಒಳ್ಳೆಯ ಅಕ್ಕಿಯೇ. ನಲವತ್ತು ವರ್ಷಕ್ಕೂ ಮೀರಿ ದಡ್ಡಿ ಎನಿಸಿಕೊಂಡು ಒಂದು ಚಿತ್ರವನ್ನು ಕಾಪಾಡಿದವಳ ಪಕ್ಕದಲ್ಲಿ ನಾನು ಕೂತಿದ್ದೆ. ಅವಳ ಕಾಲು ಮುಟ್ಟಬೇಕೆನಿಸಿತು, ತಟ್ಟೆ ಅಡ್ಡವಿತ್ತು.

“ಅವರು ಏನಂದ್ರು? ಇನ್ನೊಮ್ಮೆ ಹೇಳು.”

ನಾನು ಯಜಮಾನರು ಹೇಳಿದ ಹಾಗೆಯೇ ಉರ್ದುವಿನಲ್ಲಿ ಹೇಳಿದೆ. ಅವಳಿಗೆ ಉರ್ದುವೂ ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೂ ತಲೆ ಅಲ್ಲಾಡಿಸಿದಳು.

“ಕನ್ನಡದಾಗ ಹೇಳು.”

“ಇಂಥಾ ತಪ್ಪು ನಮ್ಮ ಕೈಲೆ ಅಂತೂ ಆಗೂದ ಇಲ್ಲ ಅಂದ್ರು, ಅವ್ವಾ.”

“ಆಗೂದಿಲ್ಲ,” ಎಂದಳು ಅವ್ವ, ಸೆರಗು ಬಾಯಿಗಿಟ್ಟುಕೊಳ್ಳದೆ ನಕ್ಕು. “ಆಗೂದ ಇಲ್ಲ.”